ಸೈಲೆನ್ಸರ್ ಎಂಬ ಶಾಂತಪ್ಪ

ನಮ್ಮಮ್ಮ ದೋಸೆ ಹುಯ್ಯುತ್ತಿದ್ದದ್ದು ಗಡಿಯಾರ ನೋಡಿಕೊಂಡಲ್ಲ, ಬೀದಿಗೆ ಕಿವಿ ಕೊಟ್ಟುಕೊಂಡು. ಸಂಜೆ ಆರೂವರೆ ಕಳೆದ ಮೇಲೆ ಯಾವುದೋ ಒಂದು ಗಳಿಗೆಯಲ್ಲಿ, ನೀರಿನ ಟ್ಯಾಂಕಿನ ತಿರುವಿನಲ್ಲಿ, ಅಪ್ಪನ ಜಾವಾ ‘ಡುಗುಡುಗುಡುಗು’ ಅನ್ನುತ್ತಿತ್ತು. ಅದಕ್ಕೆ ಉತ್ತರ ಕೊಟ್ಟ ಹಾಗೆ ಅಡುಗೆಮನೆಯಲ್ಲಿ ಕಾವಲಿ ‘ಚುಯ್’ ಅನ್ನುತ್ತಿತ್ತು. ಅಪ್ಪ ಗಾಡಿಗೆ ಸ್ಟ್ಯಾಂಡ್ ಹಾಕಿ, ಚಪ್ಪಲಿ ಬಿಟ್ಟು, ಕಾಲು ತೊಳೆದು, ಮಣೆಯ ಮೇಲೆ ಕೂರುವುದಕ್ಕೂ ದೋಸೆ ತಟ್ಟೆಗೆ ಬೀಳುವುದಕ್ಕೂ ಸರಿಹೋಗುತ್ತಿತ್ತು. ಇಷ್ಟು ಕರಾರುವಾಕ್ಕಾದ ಮುನ್ಸೂಚನೆ ಹವಾಮಾನ ಇಲಾಖೆಗೂ ಸಾಧ್ಯವಿಲ್ಲ.

ಈ ವ್ಯವಸ್ಥೆ ಕೆಟ್ಟದ್ದು ಎದುರುಮನೆಯ ಕನ್ನಡ ಪಂಡಿತರೂ ಒಂದು ಜಾವಾ ಕೊಂಡಾಗ. ಕೊಂಡದ್ದರಲ್ಲಿ ಆಶ್ಚರ್ಯವೇನಿಲ್ಲ. ಜಾವಾ ಹುಟ್ಟಿದ್ದು ಚೆಕ್ ನಾಡಿನಲ್ಲಿ. ಯಾನೆಚೆಕ್ ಎಂಬಾತ ವಾಂಡರರ್ ಎಂಬ ಜರ್ಮನ್ ಗಾಡಿಯ ಹಕ್ಕು ಕೊಂಡು, ಇಬ್ಬರ ಹೆಸರಿನ ತಲೆಯನ್ನೂ ಕತ್ತರಿಸಿ ಜೋಡಿಸಿ 1929ರಲ್ಲಿ ಇಟ್ಟ ಹೆಸರು ಅದು. ಆದರೆ 1961ರಲ್ಲಿ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಶುರುವಾದ ಮೇಲೆ ಮೈಸೂರಿನವರ ಮಟ್ಟಿಗೆ ಅದು ಚಾಮುಂಡಿಬೆಟ್ಟದ ನೀರು ಕುಡಿದು ಬೆಳೆದ ಹುಡುಗ. ಆರ್.ಕೆ. ನಾರಾಯಣ್ ಮನೆ ಕಟ್ಟಿಕೊಂಡದ್ದೂ ಅದೇ ಯಾದವಗಿರಿಯಲ್ಲಿ. ಕಾದಂಬರಿ ಬರೆಯುವವರು ಅಂಥ ಕಡೆ ಹೇಗಿದ್ದರೋ! ನನ್ನ ಲೆಕ್ಕದಲ್ಲಿ ಎಪ್ಪತ್ತರ ದಶಕದ ಮೈಸೂರಿನಲ್ಲಿ ಮೂರು ಮನೆಗೊಂದು ಜಾವಾ, ಪ್ರತಿ ಮನೆಗೊಂದು ಅದರ ವಿಷಯದ ಅಭಿಪ್ರಾಯ ಇತ್ತು.

ಪಂಡಿತರ ಗಾಡಿ ಬಂದ ಮೊದಲ ವಾರ ನಮ್ಮ ಮನೆಯಲ್ಲಿ ಮೂರು ದೋಸೆ ದಂಡವಾದವು. ದಂಡ ಅಂದರೆ ನಾನು ತಿಂದೆ.

ಎರಡನೇ ವಾರಕ್ಕೆ ಅಮ್ಮ ಪಳಗಿಬಿಟ್ಟಳು. ಹಿಟ್ಟಿನ ಸೌಟು ಕೈಯಲ್ಲಿ ಹಿಡಿದು ಕಾಯುತ್ತಿದ್ದವಳು, ತಿರುವಿನಲ್ಲಿ ಸದ್ದು ಕೇಳಿದ್ದೇ ಸೌಟನ್ನು ಪಾತ್ರೆಗೆ ವಾಪಸು ಇಳಿಸಿದಳು. “ಅದು ಇವರದ್ದಲ್ಲ ಕಣೋ, ಪಂಡಿತರದ್ದು. ಕೆಮ್ತಾ ಇದೆ ನೋಡು. ನಿಮ್ಮಪ್ಪಂದು ಕೆಮ್ಮಲ್ಲ, ಗೊಣಗುತ್ತೆ.” ಒಂದೇ ಕಾರ್ಖಾನೆ, ಒಂದೇ ಮಾಡೆಲ್ಲು, ಒಂದೇ ಬಣ್ಣ. ಒಂದು ಕೆಮ್ಮುವುದು, ಇನ್ನೊಂದು ಗೊಣಗುವುದು! ಎರಡೂ ಸವಾರನ ಗುಣವಿರಬೇಕು ಅಂದುಕೊಂಡು ಬಹಳ ದಿನ ಸುಮ್ಮನಿದ್ದೆ. ಯಾಕೆಂದರೆ ಪಂಡಿತರು ಕೆಮ್ಮುತ್ತಿದ್ದದ್ದೂ ನಿಜ, ಅಪ್ಪ ಗೊಣಗುತ್ತಿದ್ದದ್ದೂ ನಿಜ.

ಗಾಡಿಗೆ ದನಿ ಎಲ್ಲಿಂದ ಬರುತ್ತದೆ ಅಂತ ಮೊದಲು ಕೇಳಿದ್ದು ಆ ಪಂಡಿತರನ್ನೇ. ಅವರು ಗಾಡಿ ಒರೆಸುತ್ತಿದ್ದ ಹಳೇ ಪಂಚೆಯನ್ನು ಹೆಗಲಿಗೆ ಹಾಕಿಕೊಂಡು ಸೀದಾ ಹದಿಮೂರನೇ ಶತಮಾನಕ್ಕೆ ಹೋದರು. ಕೇಶಿರಾಜ ಶಬ್ದಮಣಿದರ್ಪಣದಲ್ಲಿ ಹೇಳಿದ್ದಾನಂತೆ: ಮನುಷ್ಯ ಮಾತಾಡಬೇಕು ಅಂದುಕೊಂಡಾಗ ಹೊಕ್ಕುಳ ಬುಡದಿಂದ ಗಾಳಿ ಎದ್ದು, ಕಹಳೆಯಿಂದ ಹೊರಟ ಹಾಗೆ ಶಬ್ದ ಹೊರಡುತ್ತದೆ, ಆ ಶಬ್ದದ ಬಣ್ಣ ಬಿಳಿ. “ನೋಡಯ್ಯಾ, ಇದು ಹೊಕ್ಕುಳು,” ಅಂತ ಎಂಜಿನ್ ತೋರಿಸಿದರು. “ಇದು ಕಹಳೆ,” ಅಂತ ಸೈಲೆನ್ಸರ್ ತೋರಿಸಿದರು. “ಬಣ್ಣ?” ಅಂದೆ. ಪಂಡಿತರು ಕಿಕ್ಕರ್ ಒದ್ದರು. ಹಿಂದಿನಿಂದ ನೀಲಿ ಹೊಗೆ ಬಂತು. “ಕೇಶಿರಾಜ ಟೂ ಸ್ಟ್ರೋಕ್ ನೋಡಿರಲಿಲ್ಲ,” ಅಂದು ಒಳಗೆ ಹೋದರು.

ತಮಾಷೆಗೆ ಹೇಳಿದರೋ ನಿಜಕ್ಕೆ ಹೇಳಿದರೋ, ಮಾತು ಮಾತ್ರ ಸರಿಯಾಗಿತ್ತು. ಎಂಜಿನ್ ಒಳಗೆ ನಡೆಯುವುದು ಒಂದೇ ಕೆಲಸ, ಸಿಡಿಯುವುದು. ಪೆಟ್ರೋಲಿನ ಹಬೆ ಸಿಡಿದು, ಒತ್ತಡದಲ್ಲಿದ್ದ ಹೊಗೆ ಕೊಳವೆಗೆ ನುಗ್ಗುತ್ತದೆ. ಎಷ್ಟು ಹೊತ್ತಿಗೊಂದು ಸಲ ಸಿಡಿಯುತ್ತದೆ ಅನ್ನುವುದು ತಾಳ. ಆ ಹೊಗೆ ಎಂಥ ಕೊಳವೆಯಲ್ಲಿ ಹಾದು ಬರುತ್ತದೆ ಅನ್ನುವುದು ಕಂಠ. ಇವೆರಡರ ಮೇಲೆ ಚೈನು, ಗೇರು, ಫ್ಯಾನು, ಟ್ಯಾಪೆಟ್ಟು ಇವೆಲ್ಲ ಪಕ್ಕವಾದ್ಯ. ಆ ಕೊಳವೆಯ ತುದಿಗೆ ನಾವು ಇಟ್ಟಿರುವ ಹೆಸರು ನೋಡಿ: ಸೈಲೆನ್ಸರ್! ಶಾಂತಪ್ಪ ಅಂತ ಹೆಸರಿಟ್ಟುಕೊಂಡು ಬೀದಿಗೆಲ್ಲ ಕೇಳುವಂತೆ ಕೂಗಾಡುವವರು ಇಲ್ಲವೇ, ಹಾಗೆ. ಶಾಂತಪ್ಪನ ಪರವಾಗಿ ಒಂದು ಮಾತು ಹೇಳಬೇಕು: ಅವನು ಕೂಗುತ್ತಿರುವುದು ಕಾಲು ಪಾಲು ಮಾತ್ರ. ಅವನನ್ನು ಬಿಚ್ಚಿಟ್ಟು ಗಾಡಿ ಸ್ಟಾರ್ಟ್ ಮಾಡಿ ನೋಡಿ, ದಸರೆಯ ಕುಶಾಲತೋಪು ಮನೆಯಂಗಳಕ್ಕೇ ಬರುತ್ತದೆ.

ತಾಳದ ವಿಷಯಕ್ಕೆ ಬಂದರೆ ಬುಲೆಟ್ಟನ್ನು ಮೊದಲು ಹೇಳಬೇಕು, ಇಲ್ಲದಿದ್ದರೆ ಅದರ ಭಕ್ತರು ಬೇಜಾರಾಗುತ್ತಾರೆ. ಇಂಗ್ಲೆಂಡಿನಿಂದ ಬಂದು 1955ರಲ್ಲಿ ಮದರಾಸಿನಲ್ಲಿ ನೆಲೆಯಾದ ಈ ಗಾಡಿಯ ಗುಟ್ಟು ಅದರ ಸೋಮಾರಿತನ. ಹಳೆಯ ಬುಲೆಟ್ಟಿನ 346 ಸಿಸಿಯೂ ಒಂದೇ ಸಿಲಿಂಡರಿನಲ್ಲಿ. ಆ ಸಿಲಿಂಡರಿನ ಅಗಲ 70 ಮಿಲಿಮೀಟರ್, ಪಿಸ್ಟನ್ನಿನ ಓಡಾಟ 90 ಮಿಲಿಮೀಟರ್. ಅಂದರೆ ಉದ್ದ ಹೆಜ್ಜೆಯ ಆಸಾಮಿ. ಓಡುವ ಜಾತಿಯಲ್ಲ, ಪಂಚೆ ಎತ್ತಿ ಕಟ್ಟಿ ತೋಟ ನೋಡಲು ಹೊರಟ ಗೌಡರ ಹಾಗೆ. ಜೊತೆಗೆ ಬೀಸುವ ಕಲ್ಲಿನಷ್ಟು ಭಾರದ ಫ್ಲೈವೀಲು. ಒಂದು ಸಲ ತಳ್ಳಿದರೆ ಮುಂದಿನ ತಳ್ಳಿನವರೆಗೆ ತಾನೇ ತಿರುಗುತ್ತಿರುತ್ತದೆ. ಹಾಗಾಗಿ ನಿಂತಲ್ಲಿ ನಿಮಿಷಕ್ಕೆ ಒಂಬೈನೂರು ಸುತ್ತು ತಿರುಗಿದರೂ ಗಾಡಿ ಆರುವುದಿಲ್ಲ. ಫೋರ್ ಸ್ಟ್ರೋಕ್ ಎಂಜಿನ್ ಎರಡು ಸುತ್ತಿಗೊಮ್ಮೆ ಸಿಡಿಯುವುದರಿಂದ ನಿಮಿಷಕ್ಕೆ ನಾನೂರೈವತ್ತು ಪೆಟ್ಟು, ಸೆಕೆಂಡಿಗೆ ಏಳೆಂಟು.

ಇಲ್ಲಿ ನಮ್ಮ ಕಿವಿಯದ್ದೊಂದು ಚಮತ್ಕಾರ ಇದೆ. ಸೆಕೆಂಡಿಗೆ ಇಪ್ಪತ್ತರ ಆಸುಪಾಸಿನವರೆಗೆ ಅದು ಪೆಟ್ಟುಗಳನ್ನು ಬಿಡಿಬಿಡಿಯಾಗಿ ಕೇಳುತ್ತದೆ. ಅದು ದಾಟಿದರೆ ಪೆಟ್ಟುಗಳೆಲ್ಲ ಕಲೆತು ಸ್ವರವಾಗುತ್ತವೆ, ಕಾಳಾಗಿದ್ದ ರಾಗಿ ಹಿಟ್ಟಾದ ಹಾಗೆ. ನಾಲ್ಕು ಸಿಲಿಂಡರಿನ ಕಾರು ಅದೇ ಒಂಬೈನೂರು ಸುತ್ತಿನಲ್ಲಿ ಸೆಕೆಂಡಿಗೆ ಮೂವತ್ತು ಸಲ ಸಿಡಿಯುತ್ತದೆ. ನಮಗೆ ಕೇಳುವುದು ಬರೀ ‘ಗುಂಯ್’. ಬುಲೆಟ್ಟಿನದ್ದು ಇನ್ನೂ ಕಾಳು. ಒಂದೊಂದು ಪೆಟ್ಟೂ ಎದೆಗೆ ಬಂದು ತಟ್ಟುತ್ತದೆ. ಹೃದಯದ ಬಡಿತದ ಹಾಗಿದೆ ಅಂತ ಭಕ್ತರು ಕಣ್ಣು ಮುಚ್ಚಿ ಹೇಳುತ್ತಾರೆ. ಸೆಕೆಂಡಿಗೆ ಎಂಟು ಸಲ ಬಡಿಯುವ ಹೃದಯ ಯಾರದ್ದಾದರೂ ಇದ್ದರೆ ಮೊದಲು ಅವರನ್ನು ಜಯದೇವ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ನಮ್ಮ ಕಡೆಯ ಹಳ್ಳಿಗಳಲ್ಲಿ ಬುಲೆಟ್ಟು ಅಂದರೆ ಸಬ್ ಇನ್ಸ್‌ಪೆಕ್ಟರು. ಮಾವಿನತೋಪಿನಲ್ಲಿ ಇಸ್ಪೀಟಿಗೆ ಕೂತವರಿಗೆ ಎರಡು ಮೈಲಿ ದೂರದಲ್ಲೇ ‘ದಬ್ ದಬ್’ ಕೇಳುತ್ತಿತ್ತು. ಸಾಹೇಬರು ಬರುವಷ್ಟರಲ್ಲಿ ಎಲೆ ಮಾಯ, ದುಡ್ಡು ಮಾಯ. ಟವೆಲ್ಲಿನ ಮೇಲೆ ಕಡಲೆಕಾಯಿ ಸಿಪ್ಪೆ. ಕಳ್ಳರನ್ನು ಹಿಡಿಯಲು ತಮಟೆ ಬಡಿಸಿಕೊಂಡು ಹೋಗುವ ಈ ಪದ್ಧತಿಯಿಂದ ಎರಡೂ ಪಕ್ಷಗಳ ಮರ್ಯಾದೆ ಉಳಿಯುತ್ತಿತ್ತು.

ತಾಳದಲ್ಲಿ ಬುಲೆಟ್ಟು ನೇರ ಮನುಷ್ಯ. ಅಮೆರಿಕದ ಹಾರ್ಲೆ ಡೇವಿಡ್‌ಸನ್ ಹಾಗಲ್ಲ. ಅದರ ಎರಡು ಸಿಲಿಂಡರುಗಳು ಇಂಗ್ಲಿಷಿನ ‘ವಿ’ ಅಕ್ಷರದ ಹಾಗೆ 45 ಡಿಗ್ರಿ ಕಾಲಗಲಿಸಿ ನಿಂತಿವೆ, ಆದರೆ ಎರಡು ಪಿಸ್ಟನ್ನೂ ನೇತಾಡುವುದು ಒಂದೇ ಗೂಟಕ್ಕೆ. ಅದರಿಂದ ಸಿಡಿತ ಸಮವಾಗಿ ಬರುವುದಿಲ್ಲ. ಒಂದು ಸಿಡಿದ 315 ಡಿಗ್ರಿಗೆ ಇನ್ನೊಂದು, ಅದಾದ 405 ಡಿಗ್ರಿಗೆ ಮತ್ತೆ ಮೊದಲನೆಯದು. ಅಮೆರಿಕದವರ ಕಿವಿಗೆ ಇದು ‘ಪೊಟೇಟೊ ಪೊಟೇಟೊ’ ಅಂತ ಕೇಳಿತಂತೆ. ಹಾಸನದ ರೈತ ಕೇಳಿದ್ದರೆ ಈ ವರ್ಷದ ರೇಟು ಕೇಳುತ್ತಿದ್ದ.

ಈ ಲೆಕ್ಕವನ್ನು ನಮ್ಮ ಬೀದಿಯ ಮೃದಂಗದ ಮೇಷ್ಟ್ರಿಗೆ ಹೇಳಿದೆ. ಅವರು ಬೆರಳು ಮಡಿಸಿದರು. 315ನ್ನು 45ರಿಂದ ಭಾಗಿಸಿದರೆ ಏಳು, 405ನ್ನು ಭಾಗಿಸಿದರೆ ಒಂಬತ್ತು. “ಮಿಶ್ರ, ಸಂಕೀರ್ಣ!” ಅಂತ ತೊಡೆ ತಟ್ಟಿಕೊಂಡರು. “ಏಳೂ ಒಂಬತ್ತೂ ಹದಿನಾರು, ಎರಡು ಆವರ್ತ ಆದಿತಾಳ. ಎಂಟಕ್ಕೆ ಬೀಳಬೇಕಾದ ಪೆಟ್ಟು ಏಳಕ್ಕೇ ಬಿದ್ದುಬಿಡುತ್ತೆ, ಆಮೇಲೆ ಒಂದಕ್ಷರ ಜಾಸ್ತಿ ಎಳೆದು ಸಮಕ್ಕೆ ಬರ್ತಾನೆ. ಕಳ್ಳ! ಯಾರ ಶಿಷ್ಯ ಇವನು?” ಯಾರ ಶಿಷ್ಯನೂ ಅಲ್ಲ ಮೇಷ್ಟ್ರೇ, ಎರಡು ಗೂಟ ಹಾಕುವುದಕ್ಕಿಂತ ಒಂದು ಗೂಟ ಸರಳ ಅಂತ ಹಾಗೆ ಮಾಡಿದ್ದು ಅಂದೆ. ಅವರು ಕೇಳಿಸಿಕೊಳ್ಳಲಿಲ್ಲ. ಹಾರ್ಲೆಯವರು 1994ರಲ್ಲಿ ಈ ಸದ್ದನ್ನೇ ಟ್ರೇಡ್‌ಮಾರ್ಕ್ ಮಾಡಿಸಿಕೊಳ್ಳಲು ಅರ್ಜಿ ಹಾಕಿದ್ದರು. ಬೇರೆ ಕಂಪನಿಗಳು ತಕರಾರು ತೆಗೆದವು, ವರ್ಷಗಟ್ಟಲೆ ಎಳೆದಾಡಿ 2000ರಲ್ಲಿ ಇವರೇ ಅರ್ಜಿ ವಾಪಸು ಪಡೆದರು. ಗೊರಕೆಗೆ ಪೇಟೆಂಟ್ ಸಿಕ್ಕುವ ಕಾಲ ಬಂದರೆ ನನ್ನ ಮಾವನವರದ್ದೊಂದು ಅರ್ಜಿ ಹಾಕಿಸೋಣ ಅಂತಿದ್ದೆ, ಆಸೆ ಬಿಟ್ಟೆ.

ಈಗ ಕೆಮ್ಮಿನ ವಿಚಾರ. ಇದನ್ನು ನನಗೆ ಬಿಡಿಸಿ ಹೇಳಿದ್ದು ಗ್ಯಾರೇಜಿನ ಹಿರಿಯ ಮೆಕ್ಯಾನಿಕ್ಕು, ಅದೂ ಮದುವೆ ಊಟದ ಪಂಕ್ತಿಯಲ್ಲಿ ಕೂತಾಗ. ಫೋರ್ ಸ್ಟ್ರೋಕ್ ಅಂದರೆ ಕ್ರಮದ ಮನೆ. ಒಂದು ಪಂಕ್ತಿ ಉಂಡು ಎದ್ದು, ಎಲೆ ತೆಗೆದು, ನೆಲ ಸಾರಿಸಿ, ಆಮೇಲೆ ಮುಂದಿನವರಿಗೆ ಬಾಗಿಲು. ಟೂ ಸ್ಟ್ರೋಕ್ ಅಂದರೆ ನಮ್ಮ ಛತ್ರ. ಉಂಡವರು ಏಳುವ ಮೊದಲೇ ಹಸಿದವರು ನುಗ್ಗುತ್ತಾರೆ. ಸಿಲಿಂಡರಿನ ಗೋಡೆಯಲ್ಲೇ ಕಿಂಡಿ. ಪಿಸ್ಟನ್ ಕೆಳಗಿಳಿದ ತಕ್ಷಣ ಹೊಗೆ ಹೋಗುವ ಕಿಂಡಿ ತೆರೆಯುತ್ತದೆ, ಅದರ ಹಿಂದೆಯೇ ಹೊಸ ಪೆಟ್ರೋಲು ಬರುವ ಕಿಂಡಿ. ನುಗ್ಗಿದ ಹಸಿದವರಲ್ಲಿ ಕೆಲವರು ಉಣ್ಣದೆಯೇ ಉಂಡವರ ಜೊತೆ ಆ ಕಡೆ ಬಾಗಿಲಿಂದ ಹೊರಗೆ ಹೋಗಿಬಿಡುತ್ತಾರೆ. ಅದೇ ಸುಡದ ಪೆಟ್ರೋಲು, ಆ ವಾಸನೆ, ಆ ನೀಲಿ ಹೊಗೆ. ಕೆಲವು ಉಂಡವರು ಏಳುವುದೇ ಇಲ್ಲ. ಗಾಡಿ ನಿಧಾನವಾಗಿ ಉರಿಯುತ್ತಿದ್ದಾಗ ಹಳೆಯ ಹೊಗೆ ಒಳಗೇ ಉಳಿದು, ಈ ಸುತ್ತು ಕಿಡಿ ಹತ್ತುವುದಿಲ್ಲ, ಮುಂದಿನ ಸುತ್ತಿಗೆ ಎರಡರ ಬೆಂಕಿ ಒಟ್ಟಿಗೆ. ‘ಡುಗು... ಡುಗುಡುಗು... ಡುಗು.’

“ಅದೇ ಸಾರ್ ಕೆಮ್ಮು,” ಅಂದ ಪಾಯಸ ಸುರಿದುಕೊಳ್ಳುತ್ತ. ಪೆಟ್ರೋಲಿಗೆ ಆಯಿಲ್ ಬೆರೆಸುವ ಗಾಡಿಯಾದ್ದರಿಂದ ಸೈಲೆನ್ಸರಿನೊಳಗೆ ಮಸಿ ಕಟ್ಟುತ್ತದೆ. ಆಯಿಲ್ ಎಷ್ಟು ಹಾಕುತ್ತಾರೆ, ಪಾಯಿಂಟ್ ಸೆಟ್ಟಿಂಗ್ ಹೇಗಿದೆ, ಚೈನ್ ಎಷ್ಟು ಸಡಿಲ, ಎಕ್ಸಿಲೇಟರ್ ತಿರುಚುವ ಕೈ ಎಂಥದ್ದು, ಇಷ್ಟರಲ್ಲಿ ಒಂದು ಬದಲಾದರೂ ದನಿ ಬದಲು. ಜಾವಾದಲ್ಲಂತೂ ಸಿಲಿಂಡರ್ ಒಂದೇ ಆದರೂ ಎಡಕ್ಕೊಂದು ಬಲಕ್ಕೊಂದು ಸೈಲೆನ್ಸರು. ಎರಡೂ ಕಡೆ ಒಂದೇ ಸಮ ಮಸಿ ಕಟ್ಟುತ್ತದೆ ಅಂತ ಯಾರು ಬರೆದುಕೊಟ್ಟಿದ್ದಾರೆ? ಪಂಡಿತರು ಕೇಶಿರಾಜನಿಗೆ ಕೊಟ್ಟಷ್ಟು ಗಮನ ಮಸಿ ತೆಗೆಸುವುದಕ್ಕೆ ಕೊಟ್ಟಿರಲಿಕ್ಕಿಲ್ಲ. ಅಮ್ಮನ ಕಿವಿ ಮೂವತ್ತು ವರ್ಷ ಮುಂಚೆಯೇ ಹಿಡಿದಿದ್ದ ರೋಗವನ್ನು ಮೆಕ್ಯಾನಿಕ್ಕು ಆವತ್ತು ಬಾಳೆಲೆಯ ಮೇಲೆ ಬೆರಳಲ್ಲಿ ಗೆರೆ ಎಳೆದು ತೋರಿಸಿದ.

ಅದೇ ಛತ್ರದ ಬಾಗಿಲಲ್ಲಿ ಒಬ್ಬ ಹಿರಿಯರನ್ನು ನಿಲ್ಲಿಸಿ, ಉಣ್ಣದೆ ಹೊರಟವರನ್ನು “ಹಾಗೆ ಹೋಗಬಾರದು, ಬನ್ನಿ ಬನ್ನಿ” ಅಂತ ಒಳಗೆ ತಳ್ಳಿಸಿದರೆ? ಅದೇ ಯಮಹಾ ಆರ್‌ಎಕ್ಸ್ 100. ಟೂ ಸ್ಟ್ರೋಕ್ ಸೈಲೆನ್ಸರಿನ ಹೊಟ್ಟೆ ಮೊದಲು ಅಗಲವಾಗಿ ಆಮೇಲೆ ಕಿರಿದಾಗುತ್ತದೆ. ಆ ಕಿರಿದಾದ ಕಡೆ ಒತ್ತಡದ ಅಲೆ ಬಡಿದು ವಾಪಸು ಬಂದು, ತಪ್ಪಿಸಿಕೊಂಡ ಪೆಟ್ರೋಲನ್ನು ಮತ್ತೆ ಸಿಲಿಂಡರಿಗೆ ತಳ್ಳುತ್ತದೆ. ಸರಿಯಾದ ವೇಗದಲ್ಲಷ್ಟೇ ಈ ಉಪಚಾರ ನಡೆಯುವುದು. ಅಲ್ಲಿಯವರೆಗೆ ಪಿರಿಪಿರಿ ಅನ್ನುತ್ತಿದ್ದ ಗಾಡಿ ಆಮೇಲೆ ಇದ್ದಕ್ಕಿದ್ದ ಹಾಗೆ ‘ರ್‍ರೀಂ’ ಅಂತ ಎಗರುತ್ತದೆ. ಬರೀ 98 ಸಿಸಿ. ನಿಮಿಷಕ್ಕೆ 7,500 ಸುತ್ತಿಗೆ ಹನ್ನೊಂದು ಕುದುರೆಯ ಶಕ್ತಿ. ಸುತ್ತಿಗೊಂದು ಸಿಡಿತದ ಲೆಕ್ಕದಲ್ಲಿ ಸೆಕೆಂಡಿಗೆ 125 ಪೆಟ್ಟು. ಹೆಚ್ಚುಕಡಿಮೆ ಗಂಡಸರು ಹಾಡುವ ಷಡ್ಜ. ಕಾಲೇಜಿನ ಗೇಟಿನ ಮುಂದೆ ಹುಡುಗರು ಯಾಕೆ ಅಷ್ಟು ಶ್ರದ್ಧೆಯಿಂದ ಶ್ರುತಿ ಹಿಡಿಯುತ್ತಿದ್ದರು ಅಂತ ಈಗ ಗೊತ್ತಾಯಿತು. ಕೇಳಬೇಕಾದವರು ಮಾತ್ರ ಸಿಟಿ ಬಸ್ಸಿನ ಕಿಟಕಿಯಿಂದ ಆ ಕಡೆ ನೋಡುತ್ತಿದ್ದರು.

1985ರಲ್ಲಿ ಬಂದ ಆರ್‌ಎಕ್ಸ್ 100 ನಿಂತದ್ದು 1996ರಲ್ಲಿ. ಯಾದವಗಿರಿಯ ಕಾರ್ಖಾನೆ ಬಾಗಿಲು ಹಾಕಿದ್ದೂ ಅದೇ ವರ್ಷ.

ಇಷ್ಟು ಕೇಳಿದ ಮೇಲೆ ನನಗೊಂದು ಅನುಮಾನ ಬಲಿಯಿತು, ಹೇಳಿಯೇಬಿಡುತ್ತೇನೆ. ನಾವು ಮುದ್ದು ಮಾಡುವ ಸದ್ದೆಲ್ಲ ಎಂಜಿನಿಯರಿಗೆ ತಲೆನೋವು. ಬುಲೆಟ್ಟಿನ ಪೆಟ್ಟು ಅಂದರೆ ಅಲುಗಾಟ, ಹಾರ್ಲೆಯ ತಾಳ ಅಂದರೆ ಅಸಮತೋಲ, ಜಾವಾದ ಕೆಮ್ಮು ಅಂದರೆ ಅರೆಬೆಂದ ಅಡುಗೆ. ಕಾರು ರಿವರ್ಸ್ ಹೋಗುವಾಗ ‘ಊಂಂಂ’ ಅಂತ ಅಳುತ್ತದಲ್ಲ, ಅದು ಗೇರಿನ ಹಲ್ಲಿನ ದೋಷ. ಮುಂದಕ್ಕೆ ಹೋಗುವ ಗೇರುಗಳ ಹಲ್ಲು ಓರೆ. ಒಂದು ಹಲ್ಲು ಇನ್ನೊಂದಕ್ಕೆ ಪೂರ್ತಿ ತಾಗುವ ಮೊದಲು ಅಂಚಿನಿಂದ ಮೆಲ್ಲಗೆ ಜಾರಿ ಸೇರುತ್ತದೆ, ಗುಟುರಿಲ್ಲ. ಅದೇ ರಿವರ್ಸ್ ಗೇರಿಗೆ ಬಹಳಷ್ಟು ಗಾಡಿಗಳಲ್ಲಿ ನೇರ ಹಲ್ಲು. ದಿನಕ್ಕೆ ಹತ್ತು ಮಾರು ಹಿಂದಕ್ಕೆ ಹೋಗುವ ಗೇರಿಗೆ ಅಷ್ಟೆಲ್ಲ ಯಾಕೆ ಖರ್ಚು ಅಂತ. ಹಲ್ಲಿಗೆ ಹಲ್ಲು ಇಡಿಯಾಗಿ ಬಡಿಯುತ್ತದೆ, ಕಿರುಚುತ್ತದೆ. ಓರೆಹಲ್ಲಿನವರು ಮೃದುಭಾಷಿಗಳು ಅಂತ ಯಾವ ಸಾಮುದ್ರಿಕಶಾಸ್ತ್ರದಲ್ಲೂ ಬರೆದಿಲ್ಲ, ಗೇರ್‌ಬಾಕ್ಸಿನಲ್ಲಿ ಮಾತ್ರ ಸತ್ಯ.

ದೋಷ ತಿದ್ದಿದರೆ ಜನ ಸುಮ್ಮನಿರುತ್ತಾರೆಯೇ? 2010ರ ಹೊತ್ತಿಗೆ ಬುಲೆಟ್ಟಿನ ಹಳೆಯ ಬೀಡುಕಬ್ಬಿಣದ ಎಂಜಿನ್ ಹೋಗಿ ಹೊಸದು ಬಂತು. ಹೊಸದು ಅಲುಗಾಡುವುದು ಕಡಿಮೆ. ಸಂತೋಷ ಪಡಬೇಕಲ್ಲವೇ? ಹಳಬರು ಸೂತಕ ಆಚರಿಸಿದರು. “ಆ ದಬ್ ದಬ್ ಎಲ್ರೀ?” ಹೊಸ ಹುಡುಗರು ಮೂಲ ಸೈಲೆನ್ಸರ್ ಕಿತ್ತುಹಾಕಿ ಒಳಗೆ ಪೊಳ್ಳಾದ ಕೊಳವೆ ಹಾಕಿಸಿಕೊಂಡರು. ಬಂದದ್ದು ದಬ್ ದಬ್ ಅಲ್ಲ, ತಗಡಿನ ಡಬ್ಬಕ್ಕೆ ಕಲ್ಲು ಹೊಡೆದ ಸದ್ದು. ನಮ್ಮ ರಾಜ್ಯದ ಊರುಗಳಲ್ಲೇ ಪೊಲೀಸರು ಅಂಥ ಸೈಲೆನ್ಸರುಗಳನ್ನು ಜಪ್ತಿ ಮಾಡಿ, ರಸ್ತೆಯಲ್ಲಿ ಸಾಲಾಗಿ ಮಲಗಿಸಿ, ರೋಡ್ ರೋಲರ್ ಹತ್ತಿಸಿದ ಫೋಟೋಗಳನ್ನು ಪತ್ರಿಕೆಯಲ್ಲಿ ನೋಡಿದ್ದೀರಿ. ಶಬ್ದಮಾಲಿನ್ಯದ ವಿರುದ್ಧ ರೋಡ್ ರೋಲರ್! ಅದು ಬಂದ ಸದ್ದು ಎಷ್ಟಿತ್ತು ಅಂತ ಯಾರೂ ಬರೆದಿಲ್ಲ.

ರೈಲಿನ ವಿಷಯ ಬಿಟ್ಟರೆ ಮಕ್ಕಳು ಕ್ಷಮಿಸುವುದಿಲ್ಲ. ಎರಡು ಸಿಲಿಂಡರಿನ ಉಗಿ ಎಂಜಿನ್ನಿನಲ್ಲಿ ಪಿಸ್ಟನ್ನಿನ ಎರಡೂ ಕಡೆಯಿಂದ ಉಗಿ ತಳ್ಳುತ್ತದೆ. ಹಾಗಾಗಿ ದೊಡ್ಡ ಚಕ್ರ ಒಂದು ಸುತ್ತು ತಿರುಗುವಷ್ಟರಲ್ಲಿ ಹೊಗೆಕೊಳವೆಯಿಂದ ನಾಲ್ಕು ಸಲ ಉಗಿ ಹಾರುತ್ತದೆ. ನಮ್ಮ ಮಕ್ಕಳು ಅದಕ್ಕೆ ಕೊಟ್ಟ ಹೆಸರು ‘ಚು-ಕು-ಬು-ಕು’. ಎಣಿಸಿ ನೋಡಿ, ನಾಲ್ಕೇ ಅಕ್ಷರ. ಯಾವ ಮಗು ಹಳಿಯ ಪಕ್ಕ ಕೂತು ಎಣಿಸಿತ್ತೋ! ಡೀಸೆಲ್ ಬಂದ ಮೇಲೆ ಆ ಅಕ್ಷರಗಳು ಚೆದುರಿದವು. ಹುಬ್ಬಳ್ಳಿ ಶೆಡ್ಡಿನಿಂದ ಹೊರಟು ಗೂಡ್ಸ್ ಗಾಡಿ ಎಳೆಯುವ ನಾಲ್ಕು ಸಾವಿರ ಕುದುರೆಶಕ್ತಿಯ ಎಂಜಿನ್ನಿನ ಗುಟುರು ಕೇಳಿದ್ದೀರಲ್ಲ? ಅದು ಹದಿನಾರು ಸಿಲಿಂಡರಿನ ಟೂ ಸ್ಟ್ರೋಕ್. ಹೌದು, ಸೊಪ್ಪು ಮಾರುವವರು ಓಡಿಸುತ್ತಿದ್ದ ಲೂನಾದ ಹಾಗೆಯೇ ಟೂ ಸ್ಟ್ರೋಕ್. ಇದನ್ನು ತಿಳಿದಾಗಿನಿಂದ ನಾನು ಲೂನಾ ಕಂಡರೆ ಸ್ವಲ್ಪ ದಾರಿ ಬಿಡುತ್ತೇನೆ.

ಕರೆಂಟಿನ ರೈಲಿನಲ್ಲಿ ಏನೂ ಸಿಡಿಯುವುದೇ ಇಲ್ಲ, ದನಿ ಎಲ್ಲಿಂದ ಅಂತೀರಾ? ನಮ್ಮ ಮೆಟ್ರೊ ನಿಲ್ದಾಣದಿಂದ ಹೊರಡುವಾಗ ‘ಊಂ... ಈಂ...’ ಅಂತ ಏರುತ್ತದಲ್ಲ, ಅದು ಮೋಟಾರಿಗೆ ಕರೆಂಟನ್ನು ತುಂಡು ತುಂಡು ಮಾಡಿ ಬಡಿಸುವ ಯಂತ್ರದ ದನಿ. ತುಂಡಿನ ಲೆಕ್ಕ ಬದಲಾದಂತೆ ಸ್ವರ ಬದಲು. ಆಸ್ಟ್ರಿಯಾದ ಟಾರಸ್ ಎಂಬ ಎಂಜಿನ್ನಿನಲ್ಲಿ ಇದು ಮೆಟ್ಟಿಲು ಮೆಟ್ಟಿಲಾಗಿ ಏರುತ್ತ, ಸರಳೆ ವರಸೆ ಕಲಿಯುವ ಹುಡುಗಿ ಹಾಡಿದ ಹಾಗೆ ಕೇಳುತ್ತದೆ.

ರಸ್ತೆಯ ಎಲೆಕ್ಟ್ರಿಕ್ ಗಾಡಿಗೆ ಆ ಭಾಗ್ಯವೂ ಇಲ್ಲ. ಜನಕ್ಕೆ ಕೇಳಿಸದೆ ಹಿಂದಿನಿಂದ ಬಂದು ಗುದ್ದೀತು ಅಂತ ಯುರೋಪಿನವರು 2019ರ ಜುಲೈಯಿಂದ ಕಾನೂನು ಮಾಡಿದರು: ಹೊಸ ಮಾದರಿಯ ಎಲೆಕ್ಟ್ರಿಕ್ ಕಾರು ಗಂಟೆಗೆ 20 ಕಿಲೋಮೀಟರಿನವರೆಗೆ ಏನಾದರೂ ಸದ್ದು ಮಾಡಲೇಬೇಕು. ನೂರು ವರ್ಷ ಸದ್ದು ಅಡಗಿಸಲು ಒದ್ದಾಡಿ, ಅಡಗಿದ ದಿನವೇ ಸದ್ದು ಮಾಡು ಅಂತ ಆಜ್ಞೆ! ಬಿಎಂಡಬ್ಲ್ಯು ಕಂಪನಿ ಸಿನಿಮಾ ಸಂಗೀತದ ಹಾನ್ಸ್ ಜಿಮ್ಮರ್ ಅವರನ್ನೇ ಕರೆಸಿ ತನ್ನ ಎಲೆಕ್ಟ್ರಿಕ್ ಕಾರಿಗೆ ದನಿ ಕೂರಿಸಿತು. ನಮ್ಮಲ್ಲಿ ಈ ಕೆಲಸಕ್ಕೆ ಟೆಂಡರ್ ಕರೆದರೆ ನಾಗಸ್ವರವೋ ಡೊಳ್ಳೋ ಅನ್ನುವುದರ ಮೇಲೆಯೇ ಒಂದು ಬಂದ್ ಆಗುತ್ತದೆ.

ಸದ್ದಿಲ್ಲದ ಗಾಡಿ ನಮ್ಮ ಮನೆಗೆ ಹೊಸದೇನಲ್ಲ, ಬಿಡಿ. ಅಪ್ಪನಿಗೂ ಕ್ಲಬ್ಬಿನಲ್ಲಿ ಇಸ್ಪೀಟಿನ ಗೀಳಿತ್ತು. ಹೊತ್ತು ಮೀರಿದ ದಿನ ನೀರಿನ ಟ್ಯಾಂಕಿನ ಹತ್ತಿರ ಎಂಜಿನ್ ಆರಿಸಿ, ಜಾವಾವನ್ನು ತಳ್ಳಿಕೊಂಡು ಬಂದು, ಬೆಕ್ಕಿನ ಹಾಗೆ ಹಜಾರದಲ್ಲಿ ಕೂತು, ಆಗಿನಿಂದ ಅಲ್ಲೇ ಇದ್ದವನ ಹಾಗೆ ಬೆಳಗಿನ ಪೇಪರನ್ನು ಮುಖಕ್ಕೆ ಹಿಡಿಯುತ್ತಿದ್ದ. ಅಮ್ಮ ಒಳಗಿನಿಂದಲೇ ಕೇಳುತ್ತಿದ್ದಳು: “ಎಷ್ಟು ಸೋತ್ರಿ?”

“ನಾನು ಬಂದು ಒಂದು ಗಂಟೆ ಆಯ್ತಲ್ಲೇ, ಇಲ್ಲೇ ಓದ್ತಾ ಇದೀನಿ.”

“ಗೆದ್ದಿದ್ರೆ ಗಾಡಿ ಮೇಲೆ ಬರ್ತಿದ್ರಿ.”

ಆ ಮನೆಯಲ್ಲಿ ಈಗ ನನ್ನದು ಎಲೆಕ್ಟ್ರಿಕ್ ಸ್ಕೂಟರು. ಕೊಂಡ ಮೊದಲ ತಿಂಗಳು ನನಗೆ ಇದರ ಉಪಯೋಗಗಳು ಬಹಳ ಕಂಡವು. ಆದರೆ ಹೆಂಡತಿಗೆ ನಾನು ಬಂದದ್ದೇ ತಿಳಿಯದೆ, ಮೂರು ಸಲ ಹಿಂದಿನಿಂದ “ಕಾಫಿ” ಅಂದಾಗ ಬೆಚ್ಚಿಬಿದ್ದಳು, ನಾಲ್ಕನೇ ಸಲ ಕೈಯಲ್ಲಿದ್ದ ಲೋಟ ಬಿತ್ತು. “ರೀ, ಹಸುವಿಗೆ ಕಟ್ತಾರಲ್ಲ, ಆ ಥರ ಒಂದು ಗಂಟೆ ಕಟ್ಕೊಳ್ಳಿ,” ಅಂದಳು. ಅಮ್ಮನಿಗೆ ಮಾತ್ರ ಏನೂ ಅನ್ನಿಸಲಿಲ್ಲ. ಎಂಬತ್ತು ದಾಟಿದೆ, ಕಣ್ಣು ಅಷ್ಟಕ್ಕಷ್ಟೆ, ಜಗಲಿಯ ಕುರ್ಚಿ ಬಿಟ್ಟು ಏಳುವುದಿಲ್ಲ. ಆದರೂ ನಾನು ಬಂದ ತಕ್ಷಣ “ಬಂದ್ಯಾ?” ಅನ್ನುತ್ತಾಳೆ. ಪಕ್ಕದ ಮನೆಯವರು ಬಂದರೆ ಅವರ ಹೆಸರು ಹಿಡಿದು ಕರೆಯುತ್ತಾಳೆ, ಕೊರಿಯರ್ ಹುಡುಗ ಬಂದರೆ “ಯಾರೋ ಹೊಸಬರು” ಅನ್ನುತ್ತಾಳೆ. ಹೇಗೆ ಅಂತ ನನಗೆ ಹೊಳೆದಿರಲಿಲ್ಲ.

ಹೋದ ಯುಗಾದಿಗೆ ಮನೆಗೆ ಸುಣ್ಣ ಬಣ್ಣ ಮಾಡಿಸುವಾಗ, ಹಳೇ ಕಬ್ಬಿಣದ ಗೇಟು ‘ಕಿರ್‍ರ್ ರೊಯ್ಯ್’ ಅನ್ನುತ್ತದೆ ಅಂತ ಬೇಜಾರಾಗಿ ಅದರ ತಿರುಗಣಿಗೆ ನಾನೇ ಕೂತು ಎಣ್ಣೆ ಬಿಟ್ಟೆ. ಗೇಟು ಬೆಣ್ಣೆಯ ಹಾಗಾಯಿತು. ಮೂರು ದಿನ ಅಮ್ಮ ಮಂಕಾಗಿದ್ದಳು. ಊಟ ಸರಿಯಾಗಿ ಮಾಡಲಿಲ್ಲ. ಮೈಗೆ ಹುಷಾರಿಲ್ಲವೇ ಅಂತ ಕೇಳಿದೆ.

“ನನಗೇನಾಗಿದೆ, ನೀನು ಗೇಟಿಗೆ ಏನು ಮಾಡ್ದೆ ಹೇಳು. ನೀನು ಒದ್ದು ತೆಗೀತಿದ್ದೆ, ಅವಳು ಎತ್ತಿ ತೆಗೀತಿದ್ಲು, ಹಾಲಿನವನು ಅರ್ಧ ತೆಗೆದು ನುಸೀತಿದ್ದ. ಈಗ ಮನೆಗೆ ಯಾರು ಬಂದ್ರು ಯಾರು ಹೋದ್ರು ಒಂದೂ ಗೊತ್ತಾಗ್ತಿಲ್ಲ. ಒಂದು ಹಳೇ ಬಟ್ಟೆ ತಗೊಂಡು ಆ ಎಣ್ಣೆ ಒರೆಸಿ ಬಾ, ಹೋಗು.”